ಚಿಕ್ಕಕ್ಕನಿಗೆ ಅರವತ್ತಾದ ಕಥೆ

ನಮ್ಮ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಅಕ್ಕತಂಗಿಯರಿಬ್ಬರನ್ನು ಎಲ್ಲರೂ ದೊಡ್ಡಕ್ಕ, ಚಿಕ್ಕಕ್ಕ ಎಂದೇ ಕರೆಯುತ್ತಿದ್ದರು. ಹೊಸ ಬಟ್ಟೆಯ ಗೋಜಿಗೆ ಅವರು ಹೋದವರಲ್ಲ. ಇದ್ದ ಬಟ್ಟೆಯನ್ನು ಸರಿಮಾಡಿ ಕೊಡುವುದೇ ಅವರ ಕಸುಬು. ನೆಲ ಗುಡಿಸುವ ಪ್ಯಾಂಟನ್ನು ಗಿಡ್ಡ ಮಾಡುವುದು, ಉಸಿರು ಕಟ್ಟಿಸುವ ಕೋಟನ್ನು ಸಡಿಲಿಸುವುದು, ಅಣ್ಣನ ಸ್ಕೂಲ್ ಯೂನಿಫಾರ್ಮನ್ನು ತಮ್ಮನ ಮೈಗೆ ಕೂರಿಸುವುದು. ಚಿಕ್ಕಕ್ಕನ ಜಾಗ ಮೆಷಿನ್ ಮುಂದೆ. ದೊಡ್ಡಕ್ಕ ಪಕ್ಕದ ಸ್ಟೂಲಿನ ಮೇಲೆ ಕೂತು ಕಾಜಾ, ಗುಂಡಿ, ಕೈಹೊಲಿಗೆ ನೋಡಿಕೊಳ್ಳುತ್ತಿದ್ದಳು. ಬೀದಿಯಲ್ಲಿ ಯಾರ ಸೊಂಟ ಯಾವ ವರ್ಷ ಎಷ್ಟು ಹಿಗ್ಗಿತು ಎಂಬುದು ಅವರಿಬ್ಬರಿಗೆ ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ. ಗುಟ್ಟನ್ನು ಅವರು ಹೊರಗೆ ಬಿಟ್ಟವರೂ ಅಲ್ಲ. "ನೀವೇನೂ ದಪ್ಪ ಆಗಿಲ್ಲ ಬಿಡಿ, ಬಟ್ಟೆ ಒಗೆದೂ ಒಗೆದೂ ಕುಗ್ಗಿದೆ" ಎಂದು ಚಿಕ್ಕಕ್ಕ ನನಗೇ ನಾಲ್ಕು ಸಲ ಹೇಳಿದ್ದಾಳೆ.

ಅಂಥ ಸಣ್ಣಪುಟ್ಟ ಸುಳ್ಳುಗಳಲ್ಲಿ ಅವಳಿಗೆ ಒಳ್ಳೆಯ ಕೈಗುಣ. ದೊಡ್ಡ ಸುಳ್ಳೂ ಒಂದಿತ್ತು. ದೊಡ್ಡಕ್ಕನ ವಯಸ್ಸು ಐವತ್ತೆಂಟು, ಚಿಕ್ಕಕ್ಕನದು ಅರವತ್ತೊಂದು. ಗಾಬರಿಯಾಗಬೇಡಿ, ಅಂಕಿ ಅದಲುಬದಲಾಗಿಲ್ಲ. ಅದಲುಬದಲಾಗಿದ್ದದ್ದು ಅಕ್ಕತಂಗಿಯರು.

ಮೂವತ್ತು ವರ್ಷದ ಹಿಂದೆ ಇಬ್ಬರೂ ಒಂದು ಮೆಷಿನ್ನು, ಒಂದು ಟ್ರಂಕು ಹಿಡಿದುಕೊಂಡು ಈ ಬೀದಿಗೆ ಮನೆ ಕೇಳಿಕೊಂಡು ಬಂದಿದ್ದರು. ಮನೆಯ ಯಜಮಾನರು ಇಬ್ಬರನ್ನೂ ನೋಡಿದರು. ತಂಗಿ ಎತ್ತರದ ಆಳು, ದಪ್ಪ ಕನ್ನಡಕ, ಆಗಲೇ ಅಲ್ಲಲ್ಲಿ ನರೆತ ಕೂದಲು. ಅಕ್ಕ ಕಡ್ಡಿಯಂತೆ ಸಣ್ಣಗೆ, ಚುರುಕಾಗಿ ಇದ್ದಳು. ಯಜಮಾನರು ತಂಗಿಯ ಕಡೆ ತಿರುಗಿ, "ನೀವು ದೊಡ್ಡವರು ಅಲ್ವಾ? ಬಾಡಿಗೆ ವಿಷಯ ನಿಮ್ಮ ಹತ್ರಾನೇ ಮಾತಾಡ್ತೀನಿ" ಎಂದರು. ತಂಗಿ ಬಾಯಿ ತೆರೆಯುವಷ್ಟರಲ್ಲಿ ಅಕ್ಕ, "ಹೂಂ, ನಮ್ಮಕ್ಕ. ಎಲ್ಲಾ ಅವಳದ್ದೇ ತೀರ್ಮಾನ" ಎಂದುಬಿಟ್ಟಳು.

ಅವತ್ತು ಮನೆಯೊಳಗೆ ಜಗಳ ಆಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಹಿರಿಯಳಾಗುವುದರಲ್ಲಿ ಎಷ್ಟು ಸುಖವಿದೆ ಎಂದು ತಂಗಿಗೆ ಎರಡೇ ದಿನದಲ್ಲಿ ತಿಳಿಯಿತು. ಎಲ್ಲಿ ಹೋದರೂ ಮೊದಲ ಕುರ್ಚಿ ಅವಳಿಗೆ. ಕೊನೆಯ ಮಾತು ಅವಳದು. ಹುಟ್ಟಿದಾಗಿನಿಂದ "ನೀನು ಸುಮ್ನಿರು, ಚಿಕ್ಕೋಳು" ಎಂದು ಕೇಳಿಕೊಂಡು ಬಂದವಳು ಈಗ ಅದನ್ನು ಅಕ್ಕನಿಗೇ ತಿರುಗಿಸಿ ಹೇಳಬಹುದಾಗಿತ್ತು, ಅದೂ ನಾಲ್ಕು ಜನರ ಎದುರಿಗೆ. ಮೊದಮೊದಲು ಬಾಗಿಲು ಹಾಕಿದ ಮೇಲೆ ಅಕ್ಕ ಅಕ್ಕನೇ ಆಗುತ್ತಿದ್ದಳು, ತಂಗಿ ತಂಗಿಯೇ. ಹತ್ತು ವರ್ಷ ಕಳೆಯುವಷ್ಟರಲ್ಲಿ ಬಾಗಿಲು ಹಾಕಿದರೂ ದೊಡ್ಡಕ್ಕ ಗದರಿಸುತ್ತಿದ್ದಳು, ಚಿಕ್ಕಕ್ಕ ಮುನಿಸಿಕೊಳ್ಳುತ್ತಿದ್ದಳು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತಿದ್ದರು.

ಎಲ್ಲಾ ಸರಿಯಾಗಿಯೇ ನಡೆಯುತ್ತಿತ್ತು. ಅಷ್ಟರಲ್ಲಿ ಸರ್ಕಾರ ಪಿಂಚಣಿಯ ನಿಯಮ ಬದಲಾಯಿಸಿತು.

ದುಡಿದು ಹಾಕುವವರಿಲ್ಲದ ಒಂಟಿ ಹೆಂಗಸರಿಗೆ ತಿಂಗಳು ತಿಂಗಳು ಸಿಗುತ್ತಿದ್ದ ಪಿಂಚಣಿ ಅದು. ಮೊದಲು ಅರವತ್ತೈದು ತುಂಬಬೇಕಿತ್ತು, ಈಗ ಅರವತ್ತು ಸಾಕು ಎಂದರು. ಹಣವನ್ನೂ ಏರಿಸಿದರು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಹಿಡಿಯುವುದು ಸರ್ಕಾರದ ಹಳೆಯ ಅಭ್ಯಾಸವಾದ್ದರಿಂದ, ಇನ್ನು ಮುಂದೆ ಒಂದು ಮನೆಗೆ ಒಂದೇ ಪಿಂಚಣಿ ಎಂಬ ಸಾಲನ್ನೂ ಕೊನೆಗೆ ಸೇರಿಸಿದರು.

ಸುದ್ದಿ ಬಂದ ದಿನವೇ ಬೀದಿ ಲೆಕ್ಕ ಹಾಕಿ ಮುಗಿಸಿತು. ಎದುರಿನ ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು, ರಸ್ತೆ ದಾಟಿಕೊಂಡು ಬಂದರು. ಐವತ್ತೊಂಬತ್ತರ ವಿಧುರರು, ವಯಸ್ಸಾದ ತಾಯಿಯನ್ನು ನೋಡಿಕೊಂಡಿರುವ ಸಾಧು ಮನುಷ್ಯ. ಆದರೆ ಉಪದೇಶ ಮಾಡುವ ಚಟ ಇತ್ತು.

"ದೊಡ್ಡಕ್ಕ, ನಾಳೇನೇ ಅರ್ಜಿ ಹಾಕಿಬಿಡಿ. ನಿಮಗೆ ಸಿಗದೆ ಇನ್ಯಾರಿಗೆ ಸಿಗಬೇಕು?"

ದೊಡ್ಡಕ್ಕ ಗುಂಡಿ ಹೊಲಿಯುತ್ತಲೇ, "ನನಗಿನ್ನೂ ಟೈಮಿದೆ ಬಿಡಿ" ಎಂದಳು. ಅದು ಅಕ್ಷರಶಃ ನಿಜವಾಗಿತ್ತು. ಗಡಿಯಾರದವರಿಗೆ ಮಾತ್ರ ಅದು ದೊಡ್ಡ ಮನಸ್ಸಿನ ಮಾತಾಗಿ ಕೇಳಿಸಿತು. ಅವರು ಚಿಕ್ಕಕ್ಕನ ಕಡೆ ತಿರುಗಿ, "ನೀವಾದ್ರೂ ಹೇಳಬಾರದಾ? ನೀವಿನ್ನೂ ಚಿಕ್ಕವರು, ಗಟ್ಟಿಯಾಗಿದ್ದೀರಿ. ನಿಮ್ಮ ವಯಸ್ಸಲ್ಲಿ ನಾನು ದಿನಕ್ಕೆ ಹದಿನೈದು ಗಡಿಯಾರ ಬಿಚ್ಚಿ ಜೋಡಿಸ್ತಿದ್ದೆ" ಎಂದರು. ಚಿಕ್ಕಕ್ಕನ ಕೆನ್ನೆ ಕೆಂಪಾಯಿತು. ತನಗಿಂತ ಎರಡು ವರ್ಷ ಚಿಕ್ಕವನ ಬಾಯಿಂದ ಚಿಕ್ಕವಳು ಎನ್ನಿಸಿಕೊಳ್ಳುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ.

ಆದರೆ ಗಟ್ಟಿಯಾಗಿದ್ದೀರಿ ಎಂಬ ಮಾತು ಸುಳ್ಳಾಗಿ ಒಂದು ವರ್ಷವಾಗಿತ್ತು. ಚಿಕ್ಕಕ್ಕನ ಕಣ್ಣು ಮಂಜಾಗುತ್ತಿತ್ತು. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿದರೆ ಹೊಲಿಗೆ ಎಲ್ಲಿ ಹೋಗುತ್ತಿದೆ ಎಂದು ಬೆರಳಿನಿಂದ ತಡವಿ ನೋಡಿಕೊಳ್ಳಬೇಕಿತ್ತು. ದೊಡ್ಡ ಅಂಗಡಿಗಳು ಬಟ್ಟೆ ಕೊಂಡವರಿಗೆ ತಾವೇ ಬಿಟ್ಟಿಯಾಗಿ ಸರಿಮಾಡಿ ಕೊಡಲು ಶುರುಮಾಡಿದ ಮೇಲೆ ಬರುವ ಕೆಲಸವೇ ಕಡಿಮೆ. ಬಂದದ್ದೂ ಸೊಟ್ಟಗಾದರೆ ಇನ್ನಾರು ಬರುತ್ತಾರೆ? ಹೀಗಾಗಿ ಚಿಕ್ಕಕ್ಕ ಊಟ ಮುಗಿಸಿ ಸ್ವಲ್ಪ ಹೊತ್ತು ಅಡ್ಡಾದಾಗ ದೊಡ್ಡಕ್ಕ ಸದ್ದಿಲ್ಲದೆ ಬ್ಲೇಡು ಹಿಡಿದು, ಸೊಟ್ಟ ಹೊಲಿಗೆ ಬಿಚ್ಚಿ, ಕೈಯಲ್ಲೇ ಮತ್ತೆ ಹಾಕುತ್ತಿದ್ದಳು. ಆಸ್ಪತ್ರೆಗೆ ಹೋಗೋಣವೆಂದರೆ ಚಿಕ್ಕಕ್ಕ ಒಪ್ಪುತ್ತಿರಲಿಲ್ಲ. ಅಲ್ಲಿ ಚೀಟಿ ಬರೆಯುವವನು ಮೊದಲು ಹೆಸರು ಕೇಳುತ್ತಾನೆ, ಆಮೇಲೆ ವಯಸ್ಸು ಕೇಳುತ್ತಾನೆ. ಅದೂ ಇಡೀ ಸಾಲಿಗೆ ಕೇಳಿಸುವಂತೆ.

ಒಂದು ದಿನ ದೊಡ್ಡಕ್ಕ ಅರ್ಜಿಯ ಹಾಳೆ ತಂದು ಮೆಷಿನ್ ಮೇಲೆ ಹರಡಿದಳು.

"ಸಹಿ ಹಾಕು."

"ನಾನ್ಯಾಕೆ ಹಾಕ್ಲಿ? ಬೀದಿಯೋರೆಲ್ಲ ನಿನ್ನನ್ನ ಹಾಕು ಅಂತಿದ್ದಾರೆ, ನೀನೇ ಹಾಕ್ಕೋ."

"ನನಗೆ ಐವತ್ತೆಂಟು. ನಾನು ಹಾಕಿದ್ರೆ ಮುಖಕ್ಕೆ ಎಸೀತಾರೆ."

"ಹಾಗಾದ್ರೆ ಇನ್ನೆರಡು ವರ್ಷ ಕಾಯೋಣ. ನಿನಗೆ ಅರವತ್ತಾಗಲಿ."

"ಎರಡು ವರ್ಷದಲ್ಲಿ ನೀನು ಪ್ಯಾಂಟಿಗೆ ಮೂರನೇ ಕಾಲು ಹೊಲೀತೀಯ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಬೇಕು ಅಂದ್ರೆ ಹೇಗೆ?"

"ಬೀದೀಲಿ ತಲೆ ಎತ್ತಿಕೊಂಡು ಓಡಾಡೋದು ಬೇಡ್ವಾ ನಾನು?"

ದೊಡ್ಡಕ್ಕ ಕನ್ನಡಕ ಸರಿಮಾಡಿಕೊಂಡಳು. "ನೋಡು, ಈ ಮನೇಲಿ ನಾನು ದೊಡ್ಡೋಳು. ನಾನು ಹೇಳ್ತಿದ್ದೀನಿ. ನೀನು ನನಗಿಂತ ದೊಡ್ಡೋಳು ಅಂತ ಸುಮ್ನೆ ಸಹಿ ಹಾಕು."

ಚಿಕ್ಕಕ್ಕ ಸಹಿ ಹಾಕಿದಳು. ವಾರ್ಡ್ ಕಚೇರಿಯಲ್ಲಿ ಅರ್ಜಿ ಕೊಡುವಾಗ ಮಾತ್ರ ಗುಮಾಸ್ತೆಯ ಕಿವಿಯ ಹತ್ತಿರ ಬಗ್ಗಿ, "ಇದನ್ನ ಯಾರಾದ್ರೂ ನೋಡ್ತಾರಾ ಮೇಡಂ?" ಎಂದು ಕೇಳಿದಳು. "ಎಲ್ಲಾ ಕಂಪ್ಯೂಟರ್ ಒಳಗೇ ಇರುತ್ತಮ್ಮ, ಯಾರು ನೋಡ್ತಾರೆ" ಎಂದಳು ಅವಳು.

ಕಂಪ್ಯೂಟರಿನೊಳಗೆ ಹೋದದ್ದು ಒಂದು ತಿಂಗಳಿಗೆ ಕಾಗದವಾಗಿ ಹೊರಗೆ ಬಂತು. ಫಲಾನುಭವಿಗಳ ತಾತ್ಕಾಲಿಕ ಪಟ್ಟಿ. ಹೆಸರು, ವಿಳಾಸ, ವಯಸ್ಸು. ಆಕ್ಷೇಪಣೆ ಇದ್ದವರು ಹದಿನೈದು ದಿನದೊಳಗೆ ತಿಳಿಸತಕ್ಕದ್ದು. ಕಚೇರಿಯ ಹೊರಗೋಡೆಗೆ ಅದನ್ನು ಅಂಟಿಸಿದರು. ಆ ಗೋಡೆಗೆ ಆತುಕೊಂಡೇ ನಮ್ಮ ಬಸ್ ಸ್ಟಾಪು. ಬಸ್ಸು ಬರುವವರೆಗೆ ಮಾಡುವುದಕ್ಕೆ ಬೇರೆ ಕೆಲಸವಿಲ್ಲದ ಮುನ್ನೂರು ಜನ ಅದನ್ನು ದಿನಾ ಓದಿದರು.

ಬೇರೆ ಬೀದಿಯಾಗಿದ್ದರೆ ನಗುತ್ತಿದ್ದರೇನೋ. ನಮ್ಮ ಬೀದಿಗೆ ಸಿಟ್ಟು ಬಂತು. ಯಾಕೆಂದರೆ ಯಾರೂ ಅದನ್ನು ನಂಬಲಿಲ್ಲ. ಚಿಕ್ಕಕ್ಕನಿಗೆ ಅರವತ್ತೊಂದೇ? ಮನೆಗೆ ಒಂದೇ ಪಿಂಚಣಿ ಎಂದ ಕೂಡಲೇ ತಂಗಿ ವಯಸ್ಸು ಏರಿಸಿಕೊಂಡು, ಅಕ್ಕನ ಬಾಯಿಗೆ ಬರಬೇಕಿದ್ದ ತುತ್ತು ಕಸಿದುಕೊಂಡಿದ್ದಾಳೆ ಎಂದು ಮಾತಾಯಿತು. ಹಲ್ಲು ಕಚ್ಚಿ ಮೂರು ದಿನ ತಡೆದುಕೊಂಡ ಗಡಿಯಾರದವರು ನಾಲ್ಕನೇ ದಿನ ತಮ್ಮ ಮುದ್ದಾದ ಅಕ್ಷರದಲ್ಲಿ ಒಂದು ಆಕ್ಷೇಪಣೆ ಬರೆದರು. 'ಸದರಿ ಮಹಿಳೆಯು ಐವತ್ತಮೂರು ವರ್ಷದವಳಿದ್ದು, ಪೂಜ್ಯರಾದ ಅವಳ ಹಿರಿಯ ಅಕ್ಕನವರಿಗೆ ಅನ್ಯಾಯವಾಗಿರುತ್ತದೆ.' ಕೆಳಗೆ ಬೀದಿಯ ಹನ್ನೊಂದು ಜನ ಸಹಿ ಹಾಕಿದರು. ಮುಚ್ಚುಮರೆ ಯಾಕೆ, ಹನ್ನೊಂದರಲ್ಲಿ ಒಂದು ಸಹಿ ನನ್ನದು.

ವಿಚಾರಣೆಗೆ ಕರೆ ಬಂತು. ಅಧಿಕಾರಿ ಕನ್ನಡಕದ ಮೇಲಿನಿಂದ ಚಿಕ್ಕಕ್ಕನನ್ನು ದಿಟ್ಟಿಸಿದರು.

"ಅರವತ್ತೊಂದು ಅಂತೀರಿ. ನೋಡಿದ್ರೆ ಹಾಗನ್ನಿಸಲ್ವಲ್ಲಮ್ಮ."

"ಅಯ್ಯೋ, ಎಲ್ಲರೂ ಹಾಗೇ ಹೇಳ್ತಾರೆ ಸಾರ್" ಎಂದು ಚಿಕ್ಕಕ್ಕ ನಾಚಿದಳು. ದೊಡ್ಡಕ್ಕ ಅವಳ ಪಕ್ಕೆಗೆ ತಿವಿದಳು.

"ಮತದಾರರ ಪಟ್ಟೀಲಿ ಐವತ್ತಮೂರು ಅಂತಿದೆ. ಯಾರು ಕೊಟ್ಟಿದ್ದು ಈ ವಯಸ್ಸು?"

"ನಾನೇ ಸಾರ್. ಅದು ಸುಳ್ಳು."

"ಈಗ ಹೇಳ್ತಿರೋದು?"

"ಇದು ನಿಜ."

"ಯಾವುದು ಸುಳ್ಳು ಯಾವುದು ನಿಜ ಅಂತ ನಾನು ಹೇಗೆ ನಂಬಲಿ?"

"ಯಾವ ಹೆಂಗಸು ಸಾರ್, ವಯಸ್ಸು ಜಾಸ್ತಿ ಮಾಡಿ ಸುಳ್ಳು ಹೇಳ್ತಾಳೆ?"

ಅಧಿಕಾರಿ ನಿಟ್ಟುಸಿರುಬಿಟ್ಟರು. "ಪಿಂಚಣಿಗೆ ಹೇಳ್ತಾರಮ್ಮ. ನಿಯಮ ಬದಲಾಗಿ ಎರಡು ತಿಂಗಳಾಯ್ತು. ಈ ಎರಡು ತಿಂಗಳಲ್ಲಿ ನನ್ನ ವಾರ್ಡಿನ ಮೂವರು ನಲವತ್ತೆಂಟರಿಂದ ಸೀದಾ ಅರವತ್ತಕ್ಕೆ ಹೋಗಿದ್ದಾರೆ."

ಆಗ ದೊಡ್ಡಕ್ಕ ಎದ್ದು ನಿಂತಳು. "ಸಾರ್, ಇವಳು ನಿಜವಾಗಿ ನನ್ನ ಅಕ್ಕ. ನಾನೇ ತಂಗಿ."

ಹಿಂದಿನ ಬೆಂಚಿನಲ್ಲಿ ಕೂತಿದ್ದ ಗಡಿಯಾರದವರಿಗೆ ಕಣ್ಣಲ್ಲಿ ನೀರೇ ಬಂತು. ಎದ್ದು ನಿಂತು, "ನೋಡಿ ಸಾರ್, ಎಂಥಾ ತ್ಯಾಗ! ತಂಗಿಗೋಸ್ಕರ ತನ್ನ ಹಿರಿತನಾನೇ ಬಿಟ್ಟುಕೊಡ್ತಿದ್ದಾರೆ!" ಎಂದರು. ನಾವೆಲ್ಲ ತಲೆ ಆಡಿಸಿದೆವು.

ಓದಿದ ಶಾಲೆಯಿಂದ ಹದಿನೈದು ದಿನದೊಳಗೆ ದಾಖಲೆ ತರಬೇಕು, ಇಲ್ಲದಿದ್ದರೆ ಅರ್ಜಿ ರದ್ದು ಎಂದು ಅಧಿಕಾರಿ ಬರೆದರು.

ಹುಟ್ಟಿದೂರು ಬಸ್ಸಿನಲ್ಲಿ ಐದು ಗಂಟೆಯ ದಾರಿ. ಇಬ್ಬರೂ ಅಂಗಡಿಗೆ ಬೀಗ ಹಾಕಿ ಹೊರಟರು. ಬೀದಿಯವರೆಲ್ಲ ತನ್ನನ್ನು ತುತ್ತು ಕಸಿಯುವವಳು ಎಂದುಕೊಂಡಿದ್ದಾರಲ್ಲ ಎಂಬುದು ಚಿಕ್ಕಕ್ಕನಿಗೆ ಚುಚ್ಚುತ್ತಿತ್ತು. ಮುದುಕಿ ಎನ್ನಿಸಿಕೊಳ್ಳುವ ಹೆದರಿಕೆಗಿಂತ ಅದು ದೊಡ್ಡದಾಗಿತ್ತು. ಅರ್ಧ ದಾರಿಯಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು: "ನಿನ್ನ ವಯಸ್ಸನ್ನ ನಾನು ತಿಂದುಬಿಟ್ಟೆ ಅಂತ ನಿನಗೆ ಯಾವತ್ತಾದ್ರೂ ಅನ್ನಿಸಿತ್ತಾ?"

"ಇಪ್ಪತ್ತೆಂಟಕ್ಕೇ ಮುದುಕಿ ಮಾಡಿದೆಯಲ್ಲ ಅಂತ ಮೊದಲ ವರ್ಷ ಅನ್ನಿಸಿತ್ತು."

"ಆಮೇಲೆ?"

"ಆಮೇಲೆ ಅಭ್ಯಾಸ ಆಯ್ತು. ಈಗ ವಾಪಸ್ ಕೊಟ್ರೂ ಏನು ಮಾಡ್ಲಿ ಅದನ್ನ?" ದೊಡ್ಡಕ್ಕ ಸೇರಿಸಿದಳು: "ನಿನಗೆ ಬೈಯೋ ಸುಖ ಯಾವ ತಂಗಿಗೆ ಸಿಗುತ್ತೆ ಹೇಳು."

ಶಾಲೆಯ ಹೆಡ್‌ಮಿಸ್ಸಿಗೆ ಮೂವತ್ತು ದಾಟಿರಲಿಲ್ಲ. ಅವಳು ಬೀರುವಿನ ತಳದಿಂದ ಹಳೆಯ ದಾಖಲಾತಿ ಪುಸ್ತಕಗಳನ್ನು ಎಳೆದು, ಧೂಳು ಹೊಡೆದು, ಹುಳ ತಿಂದ ಹಾಳೆಗಳನ್ನು ಒಂದೊಂದಾಗಿ ಮಗುಚಿದಳು. ಮೊದಲು ದೊಡ್ಡಕ್ಕನ ಸಾಲು ಸಿಕ್ಕಿತು. ಹುಟ್ಟಿದ ತಾರೀಖು ಸರಿಯಾಗಿ ಐವತ್ತೆಂಟು ವರ್ಷದ ಹಿಂದಿನದು. ಚಿಕ್ಕಕ್ಕನ ಸಾಲು ಮೂರು ವರ್ಷ ಹಿಂದಿನ ಪುಸ್ತಕದಲ್ಲಿರಬೇಕಿತ್ತು. ಇರಲಿಲ್ಲ. ಚಿಕ್ಕಕ್ಕನ ಮುಖ ಬಾಡಿತು. ಹೆಡ್‌ಮಿಸ್ಸು ಅದರ ಹಿಂದಿನ ವರ್ಷದ ಪುಸ್ತಕ ತೆರೆದಳು. ಅಲ್ಲಿತ್ತು. ಅಪ್ಪನ ಸೊಟ್ಟ ಸಹಿಯ ಸಮೇತ.

"ನಿಮಗೆ ಅರವತ್ತೊಂದಲ್ಲ ಆಂಟಿ" ಎಂದಳು ಹೆಡ್‌ಮಿಸ್ಸು.

"ಕಡಿಮೇನಾ?" ಎಂದು ಚಿಕ್ಕಕ್ಕ ಆಸೆಯಿಂದ ಕೇಳಿದಳು.

"ಅರವತ್ತೆರಡು."

ಮನೆಯಲ್ಲಿ ಒಂದು ವರ್ಷದ ಲೆಕ್ಕ ಯಾವಾಗಲೋ ತಪ್ಪಿತ್ತು. ತಪ್ಪಿಸಿದ್ದು ಅಮ್ಮನೋ, ಚಿಕ್ಕಂದಿನಲ್ಲಿ ಚಿಕ್ಕಕ್ಕನೋ, ಹೇಳುವವರು ಈಗ ಯಾರೂ ಇರಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ದೊಡ್ಡಕ್ಕ ಐದು ಗಂಟೆಯಲ್ಲಿ ಮೂರು ಗಂಟೆ ನಕ್ಕಳಂತೆ. ನಕ್ಕು ನಕ್ಕು ಕನ್ನಡಕ ಒರೆಸಿ, ಮತ್ತೆ ಅಕ್ಕನ ಮುಖ ನೋಡಿ ನಗುವುದು. ಚಿಕ್ಕಕ್ಕ ದಾಖಲೆಯ ಕಾಗದವನ್ನು ನಾಲ್ಕಾಗಿ ಮಡಿಸಿ ಚೀಲದ ತಳಕ್ಕೆ ತುರುಕಿದಳು. "ಅರವತ್ತೊಂದು ಸಾಕು. ಆ ಒಂದು ವರ್ಷದ ಸುದ್ದಿ ಬೀದೀಲಿ ಎತ್ತಬೇಡ."

ಎತ್ತುವ ಅಗತ್ಯವೇ ಬೀಳಲಿಲ್ಲ. ಎರಡನೆಯ ವಿಚಾರಣೆಯಲ್ಲಿ ಅಧಿಕಾರಿ ಎರಡೂ ಸಾಲುಗಳನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ದೊಡ್ಡಕ್ಕ ತಿರುಗಿ, ನಮ್ಮೆಲ್ಲರಿಗೂ ಕೇಳಿಸುವಂತೆ, "ಬಾ ಅಕ್ಕಾ, ಮನೆಗೆ ಹೋಗೋಣ" ಎಂದು ಚಿಕ್ಕಕ್ಕನ ಕೈ ಹಿಡಿದು ಎಬ್ಬಿಸಿದಳು.

ಪಟ್ಟಿ ಹೊಸದಾಗಿ ಗೋಡೆಗೆ ಬಂತು, ಅರವತ್ತೆರಡು ಎಂಬ ಅಂಕಿಯೊಂದಿಗೆ. ಬೀದಿ ಒಂದು ವಾರ ಮುಜುಗರಪಟ್ಟಿತು. ನನ್ನಂಥ ಹನ್ನೊಂದು ಜನ ಹರಿಯದ ಬಟ್ಟೆಯನ್ನೂ ಹರಿದು ತಂದು ಕೆಲಸ ಕೊಟ್ಟೆವು. ಗಡಿಯಾರದವರ ಪಾಡು ಇನ್ನೂ ಕಷ್ಟ. ಎಷ್ಟೋ ವರ್ಷ ಉಪದೇಶ ಮಾಡಿದ್ದು ತಮಗಿಂತ ಮೂರು ವರ್ಷ ದೊಡ್ಡವರಿಗೆ! ಕೊನೆಗೊಂದು ದಿನ ಅಂಗಡಿಯ ಮೆಟ್ಟಿಲ ಕೆಳಗೆ ಬಂದು ನಿಂತರು.

"ತಪ್ಪಾಯ್ತು. ನನಗೆ ಗೊತ್ತಿರಲಿಲ್ಲ."

"ನಿಮ್ಮದೇನು ತಪ್ಪು?" ಎಂದಳು ಚಿಕ್ಕಕ್ಕ. "ಗೊತ್ತಾಗಬಾರದು ಅಂತಾನೇ ಅಲ್ವಾ ನಾನು ಅಷ್ಟು ಕಷ್ಟಪಟ್ಟಿದ್ದು? ನಿಮ್ಮ ಆಕ್ಷೇಪಣೆ ಓದಿ ದುಃಖ ಆಯ್ತು, ನಿಜ. ಆದ್ರೆ ಐವತ್ತಮೂರು ಅಂತ ಅಷ್ಟು ಗಟ್ಟಿಯಾಗಿ ಬರೆದಿದ್ದಿರಲ್ಲ, ಒಳಗೊಳಗೆ ಸ್ವಲ್ಪ ಖುಷೀನೂ ಆಯ್ತು."

ಪಿಂಚಣಿ ಬರತೊಡಗಿತು. ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲವಾದ್ದರಿಂದ ಚಿಕ್ಕಕ್ಕ ಕಣ್ಣಿನ ಆಸ್ಪತ್ರೆಗೂ ಹೋದಳು. ಚೀಟಿ ಬರೆಯುವವನು ವಯಸ್ಸು ಕೇಳುವ ಮೊದಲೇ "ಅರವತ್ತೆರಡು, ಬರ್ಕೊಳ್ಳಿ" ಎಂದು ಇಡೀ ಸಾಲಿಗೆ ಕೇಳಿಸುವಂತೆ ಹೇಳಿದಳಂತೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದಾದ ಮೇಲೊಂದು ತೆಗೆಸಿದರು. ಕಣ್ಣಿನ ಪಟ್ಟಿ ಬಿಚ್ಚಿ ಮನೆಗೆ ಬಂದವಳು ಬಟ್ಟೆ ಹಾಕಿ ನೋಡುವವರಿಗೆಂದು ಅಂಗಡಿಯಲ್ಲಿಟ್ಟಿದ್ದ ಕನ್ನಡಿಯ ಮುಂದೆ ನಿಂತಳು. ಬಹಳ ಹೊತ್ತು ನಿಂತಳು. ಹಣೆ, ಕೆನ್ನೆ, ಕುತ್ತಿಗೆಯ ಗೆರೆಗಳನ್ನೆಲ್ಲ ಒಂದೊಂದಾಗಿ ನೋಡಿದಳು.

"ಇದನ್ನ ನೋಡಿ ಐವತ್ತಮೂರು ಅಂತ ನಂಬಿದ್ರಾ? ಪೊರೆ ಬಂದಿದ್ದು ನನಗಾ, ಈ ಬೀದಿಗಾ?"

"ಬೀದಿಗೆ ಮರ್ಯಾದೆ ಇತ್ತು" ಎಂದಳು ದೊಡ್ಡಕ್ಕ.

ಇದೆಲ್ಲ ಆಗಿ ಎರಡು ವರ್ಷ. ಹೋದ ತಿಂಗಳು ದೊಡ್ಡಕ್ಕನಿಗೂ ಅರವತ್ತು ತುಂಬಿತು. ಅವಳು ಅರ್ಜಿ ಹಾಕಿದ ವಾರಕ್ಕೇ ವಾಪಸ್ ಬಂತು: ಮನೆಗೆ ಒಂದೇ. ಪಕ್ಕದ ಬೀದಿಯಲ್ಲಿ ಇಂಥದೇ ಇಬ್ಬರು ಅಕ್ಕತಂಗಿಯರು ಇದೇ ನಿಯಮಕ್ಕಾಗಿ ನಡುವೆ ತಗಡಿನ ಗೋಡೆ ಎಬ್ಬಿಸಿ ಎರಡು ಮನೆ ಮಾಡಿಕೊಂಡಿದ್ದಾರೆ, ಇಬ್ಬರಿಗೂ ಸಿಗುತ್ತಿದೆ. ನೀವೂ ಹಾಗೇ ಮಾಡಿ ಎಂದು ಗುಮಾಸ್ತೆಯೇ ಸಲಹೆ ಕೊಟ್ಟಳು. ಚಿಕ್ಕಕ್ಕ ಒಪ್ಪಲಿಲ್ಲ. "ವಯಸ್ಸಿನ ಸುಳ್ಳಿಗೇ ನನಗೆ ಸಾಕುಸಾಕಾಗಿದೆ. ಇನ್ನು ಗೋಡೆ ಸುಳ್ಳನ್ನ ಬೇರೆ ಯಾರು ಸಾಕ್ತಾರೆ?" ಎಂದಳು.

ಬದಲಿಗೆ ಅವಳೊಂದು ಮನವಿ ಬರೆಸಿದಳು. ಒಂದೇ ಒಲೆಯಲ್ಲಿ ಬೇಯಿಸಿಕೊಂಡರೂ ಹೊಟ್ಟೆ ಎರಡು ಎಂಬುದೇ ಅದರ ಸಾರ. ಮನವಿ ಬರೆದದ್ದು ಗಡಿಯಾರದವರು, ಅದೇ ಮುದ್ದಾದ ಅಕ್ಷರದಲ್ಲಿ. ಸಹಿಗೆ ಇಬ್ಬರೂ ಮನೆ ಮನೆ ಸುತ್ತಿದರು. ಸಹಿಯ ಪಕ್ಕ ವಯಸ್ಸು ಎಂಬ ಕಾಲಂ ಇತ್ತು. ಮೊದಲ ಹೆಂಗಸು ಪೆನ್ನು ಹಿಡಿದು ಅನುಮಾನಿಸಿದಾಗ ಚಿಕ್ಕಕ್ಕ, "ನಿಜ ಬರೀರಿ, ಏನೂ ಆಗಲ್ಲ. ನಾನು ಬದುಕಿಲ್ವಾ?" ಎಂದಳು. ಆ ಹೆಂಗಸು ಬರೆದದ್ದನ್ನು ನೋಡಿ ಅವಳ ಗಂಡನೇ ಬೆಚ್ಚಿಬಿದ್ದ. ನಲವತ್ತೊಂದು ಹೆಂಗಸರು ಸಹಿ ಹಾಕಿದರು. ಎಲ್ಲರ ವಯಸ್ಸನ್ನೂ ಮತದಾರರ ಪಟ್ಟಿಯೊಂದಿಗೆ ಹೋಲಿಸಿದರೆ ನಮ್ಮ ಬೀದಿಗೆ ಒಂದೇ ವಾರದಲ್ಲಿ ಇನ್ನೂರು ವರ್ಷ ಏರಿತ್ತು.

ಮನವಿ ಕಚೇರಿಯಲ್ಲಿದೆ. ಉತ್ತರ ಇನ್ನೂ ಬಂದಿಲ್ಲ. ಪ್ರತಿ ಸೋಮವಾರ ಅಂಗಡಿಗೆ ಅರ್ಧ ದಿನ ರಜೆ. ಇಬ್ಬರೂ ಹೋಗಿ ಕೇಳಿಕೊಂಡು ಬರುತ್ತಾರೆ.